ರಾತ್ರೋರಾತ್ರಿ ಟ್ಯಾಂಕು ಖಾಲಿಯಾಗುತ್ತಿದ್ದರೆ: ಮನೆಯವರನ್ನು ದೂರುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಲಕ್ಷಣ

ರಾತ್ರಿ 9.30ಕ್ಕೆ ಮೋಟರು ಹಾಕಿ ಕಂಠಮಟ್ಟ ತುಂಬಿಸಿದ ಮೇಲಿನ ಟ್ಯಾಂಕು ಬೆಳಗ್ಗೆ 5.30ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಎಂಟು ಗಂಟೆಯ ಸುಮಾರಿಗೆ, ಯಾರಾದರೊಬ್ಬರ ತಲೆಯ ಮೇಲೆ ಶಾಂಪೂ ನೊರೆ ಇರುವಾಗಲೇ, ಬಚ್ಚಲಿನ ನಲ್ಲಿ ಗೊರಗೊರ ಎಂದು ಗಾಳಿ ಉಗುಳಿ ನಿಲ್ಲುತ್ತದೆ. ದಿನಕ್ಕೊಮ್ಮೆ ಹಾಕಿದರೆ ಸಾಕಾಗುತ್ತಿದ್ದ ಮೋಟರನ್ನು ಮೂರು ಸಲ ಹಾಕಬೇಕಾಗುತ್ತದೆ.

ಮೈಸೂರಿನ ನಮ್ಮ ಮನೆಯಲ್ಲಿ ಈ ಸ್ಥಿತಿ ಸುಮಾರು ಎರಡು ತಿಂಗಳು ಮುಂದುವರಿಯಿತು, ಮತ್ತು ಆ ಎರಡು ತಿಂಗಳಲ್ಲಿ ನಾವು ಟ್ಯಾಂಕನ್ನು ನೋಡಿದ್ದಕ್ಕಿಂತ ಒಬ್ಬರ ಮುಖವನ್ನೊಬ್ಬರು ನೋಡಿದ್ದೇ ಹೆಚ್ಚು. ಮಗಳು ಬಚ್ಚಲಿಗೆ ಹೋದರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ ಎಂಬುದು ಅಮ್ಮನ ತೀರ್ಮಾನವಾಗಿತ್ತು. ಅತ್ತೆಯವರು ತುಳಸಿ ಕಟ್ಟೆ, ಅಂಗಳ, ಗೇಟಿನ ಮುಂದಿನ ರಸ್ತೆ ಎಲ್ಲವನ್ನೂ ಪೈಪು ಹಿಡಿದು ತೊಳೆಯುತ್ತಾರೆ ಎಂದು ನನ್ನ ಹೆಂಡತಿ ನನ್ನ ಬಳಿ ಮಾತ್ರ ಹೇಳುತ್ತಿದ್ದಳು. ಎದುರಾಡುವ ಸ್ಥಿತಿಯಲ್ಲಿ ಇಲ್ಲದವರು ಮನೆಗೆಲಸಕ್ಕೆ ಬರುವ ಹೆಂಗಸು ಒಬ್ಬರೇ ಆದ್ದರಿಂದ, ನಲ್ಲಿ ಬಿಟ್ಟುಕೊಂಡು ಪಾತ್ರೆ ಉಜ್ಜುತ್ತಾರೆಂಬ ಆರೋಪ ದಿನಾ ಅವರ ಮೇಲೆ ಬೀಳುತ್ತಿತ್ತು. ನಾನು ಎಲ್ಲರ ಮಾತಿಗೂ ತಲೆಯಾಡಿಸಿ ಮೋಟರಿನ ಸ್ವಿಚ್ಚು ಹಾಕುತ್ತಿದ್ದೆ.

ಇಂತಹ ತೊಂದರೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಯಾರು" ಎಂಬುದಲ್ಲ. "ಎಷ್ಟು" ಮತ್ತು "ಯಾವಾಗ" ಎಂಬುದು. ಎಲ್ಲರೂ ಮಲಗಿರುವಾಗಲೂ ನೀರು ಇಳಿಯುತ್ತದೆ ಎಂದಾದರೆ ಎಚ್ಚರವಿದ್ದಾಗ ಯಾರು ಏನು ಮಾಡುತ್ತಾರೆಂಬ ವಿಚಾರಣೆಯನ್ನು ಅಲ್ಲಿಗೇ ಕೈಬಿಡಬಹುದು. ಕೆಳಗಿನ ಪರೀಕ್ಷೆಗಳನ್ನು ಈ ಕ್ರಮದಲ್ಲಿಯೇ ಮಾಡುವುದು ಒಳ್ಳೆಯದು, ಏಕೆಂದರೆ ಪ್ರತಿಯೊಂದು ಪರೀಕ್ಷೆಯ ಅಂಕಿ ಮುಂದಿನದಕ್ಕೆ ಬೇಕಾಗುತ್ತದೆ.

ಮೊದಲು ಎರಡು ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿ

ಹಿಂದಿನ ಮೂರು ತಿಂಗಳ ನೀರಿನ ಬಿಲ್ಲು ಮತ್ತು ಕರೆಂಟಿನ ಬಿಲ್ಲುಗಳನ್ನು ಒಟ್ಟಿಗೆ ಹರಡಿಕೊಂಡರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ನಾನು ಇದನ್ನು ಕೊನೆಯಲ್ಲಿ ಮಾಡಿದ್ದರಿಂದ ಎರಡು ತಿಂಗಳು ಹಿಡಿಯಿತು. ನೀರಿನ ಬಿಲ್ಲೂ ಕರೆಂಟಿನ ಬಿಲ್ಲೂ ಎರಡೂ ಏರಿದ್ದರೆ ನೀರು ನಿಜವಾಗಿಯೂ ಮನೆಯಿಂದ ಹೊರಗೆ ಹೋಗುತ್ತಿದೆ, ಅಂದರೆ ಸೋರಿಕೆ ಇದೆ ಅಥವಾ ಬಳಕೆ ಹೆಚ್ಚಿದೆ. ನೀರಿನ ಬಿಲ್ಲು ಮೊದಲಿನಷ್ಟೇ ಇದ್ದು ಕರೆಂಟಿನದು ಮಾತ್ರ ಏರಿದ್ದರೆ ಮೋಟರು ಒಂದೇ ನೀರನ್ನು ಮತ್ತೆ ಮತ್ತೆ ಎತ್ತುತ್ತಿದೆ ಎಂದು ಅನುಮಾನಿಸಬೇಕು.

ನಮ್ಮ ಮನೆಯಲ್ಲಿ ಆದದ್ದು ಎರಡನೆಯದು. ಗೃಹಜ್ಯೋತಿ ಯೋಜನೆಯಲ್ಲಿ 2022–23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ, ನಮ್ಮಂತಹ ಮನೆಗಳಿಗೆ ಉಚಿತ ಪ್ರಮಾಣವನ್ನು ನಿಗದಿ ಮಾಡಲಾಗಿದೆ. ನಮ್ಮ ಸರಾಸರಿ 120 ಆಗಿದ್ದುದರಿಂದ ಉಚಿತ ಪ್ರಮಾಣ 132 ಯೂನಿಟ್ ಆಗಿತ್ತು, ಮತ್ತು 2023ರ ಜುಲೈ ತಿಂಗಳ ಬಳಕೆಯಿಂದ ಶೂನ್ಯ ಬಿಲ್ಲೇ ಬರುತ್ತಿತ್ತು. ಅದು ಇದ್ದಕ್ಕಿದ್ದಂತೆ 155 ಯೂನಿಟ್‌ಗೆ ಏರಿ, ಹೆಚ್ಚುವರಿ 23 ಯೂನಿಟ್‌ಗಳಿಗೆ ಹಣ ಕಟ್ಟಬೇಕಾಗಿ ಬಂದಾಗ ಅಮ್ಮ ಫ್ರಿಜ್ಜನ್ನು ದೂರಿದರು, ಹೆಂಡತಿ ಟಿವಿಯನ್ನು ದೂರಿದಳು. ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು: ಒಂದು ಎಚ್‌ಪಿ ಮೋಟರು ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ, ಟ್ಯಾಂಕು ತುಂಬಲು ಅರ್ಧ ಗಂಟೆ ಬೇಕು, ದಿನಕ್ಕೆ ಎರಡು ಸಲ ಹೆಚ್ಚಾಗಿ ಹಾಕಿದರೆ ತಿಂಗಳಿಗೆ 30 ಯೂನಿಟ್.

ಸಾಮಾನ್ಯ ಬಳಕೆ ಎಷ್ಟಿರಬೇಕು ಎಂಬುದಕ್ಕೂ ಒಂದು ಅಳತೆ ಕೈಯಲ್ಲಿರಲಿ. ಒಳಚರಂಡಿ ಇರುವ ಪಟ್ಟಣಗಳ ಯೋಜನೆಗಳಲ್ಲಿ ನಮ್ಮ ದೇಶದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಇಟ್ಟುಕೊಳ್ಳುತ್ತಾರೆ. ಹಳ್ಳಿಗಳ ನಲ್ಲಿ ನೀರಿನ ಜಲಜೀವನ್ ಮಿಷನ್ ಯೋಜನೆಯಲ್ಲಿ ಅದು 55 ಲೀಟರ್. ನಾವು ಐವರಿದ್ದೇವೆ, ಆದ್ದರಿಂದ 675 ಲೀಟರ್. 1000 ಲೀಟರಿನ ಟ್ಯಾಂಕು ಒಂದು ದಿನ ಪೂರ್ತಿ ಬಂದು ಇನ್ನೂ ಮಿಗಬೇಕಿತ್ತು.

ಮನೆಯವರನ್ನು ಕೇಳುವ ಬಗೆ

ಪರೀಕ್ಷೆಗೆ ಇಳಿಯುವ ಮುನ್ನ ಎಲ್ಲರನ್ನೂ ಒಂದು ಮಾತು ಕೇಳಬೇಕು, ಆದರೆ "ನೀನು ಎಷ್ಟು ನೀರು ಬಳಸುತ್ತೀಯ" ಎಂದಲ್ಲ. ಆ ಪ್ರಶ್ನೆಗೆ ಈ ನಾಡಿನ ಯಾವ ಮನೆಯಲ್ಲೂ ನಿಜವಾದ ಉತ್ತರ ಬಂದದ್ದಿಲ್ಲ. "ನಿಮಗೆ ಏನಾದರೂ ಕಂಡಿದೆಯೇ, ಏನಾದರೂ ಸದ್ದು ಕೇಳಿಸಿದೆಯೇ" ಎಂದು ಕೇಳಬೇಕು: ಗೋಡೆಯಲ್ಲಿ ತೇವ, ಮೋರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ನೀರು, ಕಕ್ಕಸಿನಲ್ಲಿ ಸಣ್ಣ ಶಬ್ದ, ತಾರಸಿಯ ಮೂಲೆಯಲ್ಲಿ ಪಾಚಿ. ನೀರಿನ ಹತ್ತಿರ ಹೆಚ್ಚು ಹೊತ್ತು ಇರುವವರನ್ನು, ಅಂದರೆ ಪಾತ್ರೆ ತೊಳೆಯುವವರನ್ನು, ಬಟ್ಟೆ ಒಗೆಯುವವರನ್ನು ಮೊದಲು ಕೇಳಬೇಕು. ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದು ಮುಂದೆ ಬರುತ್ತದೆ.

ಮೊದಲ ರಾತ್ರಿ: ಎಷ್ಟು ಇಳಿಯುತ್ತದೆ

ಟ್ಯಾಂಕಿನ ಒಳಗೋಡೆಯ ಮೇಲೆ ಸೀಮೆಸುಣ್ಣದ ಗುರುತು ನಿಲ್ಲುವುದಿಲ್ಲ. ಒಣಗಿದ ಮರದ ರೀಪರು ಒಂದನ್ನು ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ ತೆಗೆದರೆ ಎಲ್ಲಿಯವರೆಗೆ ನೆನೆದಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಗಂಟೆ ಬರೆಯಬೇಕು. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುನ್ನ ಮತ್ತೊಮ್ಮೆ ಅಳೆಯಬೇಕು. ರಾತ್ರಿ ಎದ್ದವರು ಫ್ಲಶ್ ಮಾಡಿದರೆ ಲೆಕ್ಕ ಕೆಡುವುದರಿಂದ ಪ್ರತಿ ಬಚ್ಚಲಿನಲ್ಲೂ ಒಂದೊಂದು ಬಕೆಟ್ ನೀರು ತುಂಬಿಸಿಟ್ಟು, ಆ ರಾತ್ರಿ ಅದನ್ನೇ ಬಳಸಲು ಹೇಳಬೇಕು. ವಯಸ್ಸಾದವರಿದ್ದರೆ ಬಕೆಟ್ಟನ್ನು ಅರ್ಧ ತುಂಬಿಸಿ ಕೈಗೆಟಕುವಲ್ಲಿ ಇಡುವುದು ಕ್ಷೇಮ.

ಸೆಂಟಿಮೀಟರುಗಳನ್ನು ಲೀಟರಿಗೆ ತಿರುಗಿಸುವ ಲೆಕ್ಕ ಸುಲಭವಾದದ್ದು. ಹೊಲಿಗೆಯ ಟೇಪಿನಿಂದ ಟ್ಯಾಂಕಿನ ಸುತ್ತಳತೆ ತೆಗೆದು, ಅದನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿದರೆ ಟ್ಯಾಂಕಿನ ಅಡ್ಡಕೊಯ್ತದ ವಿಸ್ತೀರ್ಣ ಬರುತ್ತದೆ; ಅದನ್ನು 1000ದಿಂದ ಭಾಗಿಸಿದರೆ ಒಂದು ಸೆಂ.ಮೀ. ಇಳಿತಕ್ಕೆ ಎಷ್ಟು ಲೀಟರು ಎಂದು ತಿಳಿಯುತ್ತದೆ. ನಮ್ಮ ಟ್ಯಾಂಕಿನ ಸುತ್ತಳತೆ 345 ಸೆಂ.ಮೀ., ಹಾಗಾಗಿ ಒಂದು ಸೆಂ.ಮೀ.ಗೆ ಸುಮಾರು 9.5 ಲೀಟರ್.

ಮೊದಲ ರಾತ್ರಿ ನಮ್ಮಲ್ಲಿ 42 ಸೆಂ.ಮೀ. ಇಳಿದಿತ್ತು. ಎಂಟು ಗಂಟೆಯಲ್ಲಿ 400 ಲೀಟರು, ಯಾರೂ ಒಂದು ಚೊಂಬು ನೀರನ್ನೂ ಬಳಸದೆ. ರೀಪರು ಹಿಡಿದುಕೊಂಡು ಕೆಳಗೆ ಬಂದು ಅಂಕಿ ಹೇಳಿದಾಗ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು, "ಅಜ್ಜಿ, ನಾನು ನಿದ್ದೆಯಲ್ಲಿ ಸ್ನಾನ ಮಾಡಿರಬೇಕು" ಎಂದಳು.

ಎರಡನೆಯ ರಾತ್ರಿ: ಯಾವ ದಾರಿಯಲ್ಲಿ ಇಳಿಯುತ್ತದೆ

ಟ್ಯಾಂಕಿನ ಬುಡದಿಂದ ಹೊರಡುವ ಪ್ರತಿ ಪೈಪಿಗೂ ಸಾಮಾನ್ಯವಾಗಿ ಒಂದೊಂದು ವಾಲ್ವ್ ಇರುತ್ತದೆ: ಅಡುಗೆಮನೆಗೆ ಒಂದು, ಬಚ್ಚಲುಗಳಿಗೆ ಒಂದು, ಸೋಲಾರ್ ಇದ್ದರೆ ಅದಕ್ಕೊಂದು. ಎರಡನೆಯ ರಾತ್ರಿ ಇವೆಲ್ಲವನ್ನೂ ಮುಚ್ಚಿ ಮತ್ತೆ ಅಳೆಯಬೇಕು. ಹಳೆಯ ಗೇಟ್ ವಾಲ್ವ್‌ಗಳು ಪೂರ್ತಿ ಮುಚ್ಚದೆ ಮೋಸ ಮಾಡುವುದುಂಟು, ಆದ್ದರಿಂದ ಮುಚ್ಚಿದ ಮೇಲೆ ಕೆಳಗಿನ ನಲ್ಲಿಯೊಂದನ್ನು ತೆರೆದು, ಪೈಪಿನಲ್ಲಿ ಉಳಿದ ನೀರು ಹರಿದು ಹೋದ ಬಳಿಕ ಪೂರ್ತಿ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು. ಅದೇ ರಾತ್ರಿ ಬೀದಿಯ ನೀರು ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ, ಬರುವ ವಾಲ್ವನ್ನೂ ಮುಚ್ಚಿ, ಸಂಪಿನ ಮಟ್ಟವನ್ನೂ ಇನ್ನೊಂದು ಕೋಲಿನಿಂದ ಅಳೆದಿಡಬೇಕು. ಹೆಚ್ಚಿನವರು ಇದನ್ನು ಬಿಡುತ್ತಾರೆ. ನನಗೂ ಇದು ಹೊಳೆದದ್ದು ಬಿಲ್ಲುಗಳನ್ನು ನೋಡಿದ ಮೇಲೆ.

ಎಲ್ಲ ಮುಚ್ಚಿದಾಗ ಮಟ್ಟ ಇಳಿಯದಿದ್ದರೆ ದೋಷ ಕೆಳಗಿನ ಯಾವುದೋ ಲೈನಿನಲ್ಲಿದೆ. ಮುಂದಿನ ರಾತ್ರಿಗಳಲ್ಲಿ ಒಂದೊಂದೇ ವಾಲ್ವ್ ತೆರೆದು ಹಿಡಿಯಬಹುದು. ಸೋಲಾರ್ ಲೈನಿನಲ್ಲಾದರೆ ಬಿಸಿನೀರಿನ ಟ್ಯಾಂಕಿನ ಗಾಳಿ ಕೊಳವೆಯ ಬಾಯಿಯಿಂದ ನೀರು ಚೆಲ್ಲುತ್ತಿದೆಯೇ, ಗಾಜಿನ ಕೊಳವೆಗಳ ರಬ್ಬರು ಉಂಗುರದ ಬಳಿ ತೇವವಿದೆಯೇ ಎಂದು ನೋಡಬೇಕು.

ಎಲ್ಲ ಮುಚ್ಚಿದರೂ ಇಳಿದರೆ ಉಳಿದ ದಾರಿಗಳು ಎರಡೇ. ಒಂದು, ಟ್ಯಾಂಕೇ ಬಿರುಕು ಬಿಟ್ಟಿರುವುದು ಅಥವಾ ಬುಡದ ಜೋಡಣೆ ಸೋರುವುದು; ಅದಾದರೆ ಕಟ್ಟೆಯ ಮೇಲೆ ತೇವ ಇದ್ದೇ ಇರುತ್ತದೆ. ಇನ್ನೊಂದು, ನೀರು ಬಂದ ದಾರಿಯಲ್ಲೇ ವಾಪಸು ಹೋಗುವುದು.

ನಮ್ಮಲ್ಲಿ ಎಲ್ಲ ವಾಲ್ವ್‌ಗಳನ್ನು ಮುಚ್ಚಿದ ರಾತ್ರಿಯೂ 40 ಸೆಂ.ಮೀ. ಇಳಿದಿತ್ತು, ಅಂದರೆ 380 ಲೀಟರ್. ಕಟ್ಟೆ ಒಣಗಿತ್ತು, ಮೇಲಿನಿಂದ ತುಂಬಿ ಹರಿಯುವ ಪೈಪಿನ ಬಾಯಲ್ಲಿ ಜೇಡನ ಬಲೆ ಹಾಗೇ ಇತ್ತು. ಸಂಪಿನ ಮಟ್ಟ ಮಾತ್ರ 3.25 ಅಂಗುಲಕ್ಕೂ ತುಸು ಹೆಚ್ಚು ಏರಿತ್ತು. ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ. ಒಂದು ಅಂಗುಲವೆಂದರೆ ನಾಲ್ಕು ಘನ ಅಡಿ, ಅಂದರೆ 113 ಲೀಟರ್. ಟ್ಯಾಂಕಿನಲ್ಲಿ ಕಳೆದದ್ದು ಸಂಪಿನಲ್ಲಿ ಸಿಕ್ಕಿತು.

ನೀರು ಮೇಲಿನಿಂದ ಸಂಪಿಗೆ ಮರಳುವುದು ಹೇಗೆ

ಸಂಪಿನೊಳಗಿನ ಮೋಟರಿನಿಂದ ಮೇಲೇರುವ ಪೈಪಿನಲ್ಲಿ, ಮೋಟರಿಗೆ ಹತ್ತಿರದಲ್ಲೇ, ನೀರನ್ನು ಮೇಲಕ್ಕೆ ಮಾತ್ರ ಬಿಡುವ ಒಂದು ವಾಲ್ವ್ ಇರುತ್ತದೆ. ಪ್ಲಂಬರ್‌ಗಳು ಅದನ್ನು ಎನ್‌ಆರ್‌ವಿ ಎನ್ನುತ್ತಾರೆ. ಮೋಟರು ನಿಂತ ಕೂಡಲೇ ಅದರೊಳಗಿನ ಮುಚ್ಚಳ ಕುಳಿತುಕೊಂಡು ದಾರಿ ಮುಚ್ಚಬೇಕು. ಮರಳಿನ ಒಂದು ಕಾಳು ಸಿಕ್ಕಿಕೊಂಡರೂ, ರಬ್ಬರು ಗಡುಸಾದರೂ ಅದು ಪೂರ್ತಿ ಕೂರುವುದಿಲ್ಲ. ಆದರೆ ಇದೊಂದು ಕೆಟ್ಟ ಮಾತ್ರಕ್ಕೆ ಟ್ಯಾಂಕು ಖಾಲಿಯಾಗುವುದಿಲ್ಲ. ಪೈಪಿನ ತುದಿ ಟ್ಯಾಂಕಿನ ಬಾಯಿಯ ಹತ್ತಿರ, ನೀರಿನ ಮಟ್ಟಕ್ಕಿಂತ ಮೇಲೆ ಇದ್ದರೆ ವಾಪಸು ಹೋಗುವುದು ಪೈಪಿನೊಳಗಿದ್ದ ನೀರು ಮಾತ್ರ. ಒಂದು ಅಂಗುಲದ, 10 ಮೀಟರ್ ಉದ್ದದ ಪೈಪಿನಲ್ಲಿ ಅದು ಐದು ಲೀಟರು. ಪೈಪಿನ ತುದಿ ನೀರಿನೊಳಗೆ ಮುಳುಗಿದ್ದರೆ ಕಥೆಯೇ ಬೇರೆ. ಡ್ರಮ್ಮಿನಿಂದ ಕೊಳವೆಯಲ್ಲಿ ಸೀಮೆಎಣ್ಣೆ ಎಳೆದು ಬಿಟ್ಟಾಗ ತಾನಾಗಿಯೇ ಹರಿಯುತ್ತಿದ್ದುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೋಟರು ಪೈಪನ್ನು ತುಂಬಿಸಿಯೇ ನಿಂತಿರುತ್ತದೆ, ಮೇಲಿನ ನೀರು ಬಾಗಿದ ಪೈಪನ್ನು ಏರಿ ಸೋರುವ ವಾಲ್ವಿನ ಮೂಲಕ ಸದ್ದಿಲ್ಲದೆ ಸಂಪಿಗೆ ಇಳಿಯುತ್ತದೆ, ಮಟ್ಟವು ಪೈಪಿನ ತುದಿಯನ್ನು ಮುಟ್ಟುವವರೆಗೂ ನಿಲ್ಲುವುದಿಲ್ಲ.

ನಮ್ಮ ಪೈಪು ನೀರಿನೊಳಗೆ ಇಳಿದದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕಿದವನು ನಾನೇ. ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಅಪ್ಪ ಮಲಗುತ್ತಾರೆ. ಮುಂಜಾನೆ ಮೋಟರು ಹಾಕಿದರೆ ನೀರು ಧಬಧಬ ಬೀಳುವ ಸದ್ದಿಗೆ ಅವರಿಗೆ ಎಚ್ಚರವಾಗುತ್ತಿತ್ತು. ಮೂರು ವರ್ಷದ ಹಿಂದೆ ಪ್ಲಂಬರ್ ಒಬ್ಬರಿಗೆ ಹೇಳಿ ಪೈಪಿಗೆ ಒಂದು ತುಂಡು ಸೇರಿಸಿ ತಳದಿಂದ ಒಂದು ಅಡಿಯವರೆಗೆ ಇಳಿಸಿದ್ದೆ. ಎನ್‌ಆರ್‌ವಿ ಸರಿಯಾಗಿರುವವರೆಗೂ ಅದರಿಂದ ಏನೂ ಆಗಲಿಲ್ಲ. ಈ ಸಲ ಸಂಪು ತೊಳೆಸಿದಾಗ ತಳದ ರಾಡಿ ಕದಡಿ, ಮರಳು ವಾಲ್ವಿಗೆ ಸೇರಿತು. ದಿನಾಂಕ ನೆನಪಿಸಿಕೊಂಡರೆ, ಜಗಳ ಶುರುವಾದದ್ದೂ ಆ ವಾರವೇ.

ಈ ದೋಷವನ್ನು ಖಚಿತಪಡಿಸಿಕೊಳ್ಳಲು, ಮೋಟರು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಸಂಪಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಬೇಕು. ಮೋಟರಿನ ಸುತ್ತ ನೀರು ಕದಲುತ್ತಿರುತ್ತದೆ, ಇಲ್ಲವೇ ಸಣ್ಣಗೆ ಜುಳುಜುಳು ಕೇಳಿಸುತ್ತದೆ. ನಾನು ಹಾಗೆ ಬಗ್ಗಿ ನೋಡುತ್ತಿದ್ದಾಗ ಪಕ್ಕದ ಒಗೆಯುವ ಕಲ್ಲಿನ ಬಳಿ ಬಟ್ಟೆ ನೆನೆಸುತ್ತಿದ್ದ ಮನೆಗೆಲಸದ ಆ ಹೆಂಗಸು, "ಇದೇ ಸದ್ದು ಅಣ್ಣ, ಅಮ್ಮಾವ್ರಿಗೆ ಆವತ್ತೇ ಹೇಳಿದ್ದೆ. ಬೆಳಗ್ಗೆ ನಾನು ಬರೋ ಹೊತ್ತಿಗೇ ಒಳಗೆ ನೀರು ಹರೀತಿರುತ್ತೆ ಅಂತ" ಎಂದರು. ಹೇಳಿದ್ದು ನಿಜ. ನಲ್ಲಿ ಬಿಟ್ಟವರು ತಪ್ಪಿಸಿಕೊಳ್ಳಲು ಹೇಳುವ ಮಾತು ಎಂದು ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಮ್ಮ ಆ ದಿನ ಅವರನ್ನು ಕೂರಿಸಿ ಕಾಫಿ ಕೊಟ್ಟು, "ನಿನ್ನ ಮೇಲೆ ಸುಮ್ಮನೆ ಮಾತು ಹೊರಿಸಿದೆ ಕಣೇ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ದೂರಿದ್ದು ಎಲ್ಲರೆದುರಿಗಾದರೆ ತಿದ್ದಿಕೊಳ್ಳುವುದೂ ಎಲ್ಲರೆದುರಿಗೇ ಆಗಬೇಕು. ಇದನ್ನು ರಿಪೇರಿಯ ಭಾಗವೆಂದೇ ಎಣಿಸಬೇಕು.

ರಿಪೇರಿ

ಮೊದಲು ಮೋಟರಿನ ಎಂಸಿಬಿಯನ್ನು, ಅಂದರೆ ಕರೆಂಟಿನ ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್ಚನ್ನು, ಇಳಿಸಬೇಕು. ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು. ವಾಲ್ವ್ ಸಂಪಿನ ಹೊರಗಿದ್ದರೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಪೈಪಿನ ಜೋಡಣೆ) ಬಿಚ್ಚಿ ತೆಗೆಯಬಹುದು. ಒಳಗಿದ್ದರೆ ಹಗ್ಗ ಕಟ್ಟಿ ಮೋಟರನ್ನೇ ಮೇಲೆತ್ತಿಸಬೇಕೇ ಹೊರತು, ಒಬ್ಬಂಟಿಯಾಗಿ ಸಂಪಿಗೆ ಯಾರೂ ಇಳಿಯಕೂಡದು. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಹೋಗಬಹುದು. ವಾಲ್ವಿನೊಳಗೆ ಮರಳು ಮಾತ್ರ ಇದ್ದರೆ ತೊಳೆದು, ಬಿಳಿಯ ಸುಣ್ಣದ ಪೊರೆ ಕಟ್ಟಿದ್ದರೆ ನಿಂಬೆರಸದಲ್ಲಿ ನೆನೆಸಿ ಉಜ್ಜಿ ಮತ್ತೆ ಹಾಕಬಹುದು. ರಬ್ಬರು ಗಟ್ಟಿಯಾಗಿ ಅಂಚು ಒಡೆದಿದ್ದರೆ ಹೊಸದನ್ನೇ ಹಾಕಿಸಬೇಕು. ಅದರ ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೆ ಇರಬೇಕು.

ಟ್ಯಾಂಕಿನೊಳಗಿನ ಪೈಪನ್ನು ಕತ್ತರಿಸುವುದು ಇನ್ನೊಂದು ಪರಿಹಾರ, ಆದರೆ ಅಪ್ಪನ ನಿದ್ದೆ ಮತ್ತೆ ಕೆಡುತ್ತಿತ್ತು. ಬಂದ ಪ್ಲಂಬರ್ ಅದಕ್ಕೊಂದು ಸೊಗಸಾದ ಉಪಾಯ ಮಾಡಿದರು: ಟ್ಯಾಂಕು ಪೂರ್ತಿ ತುಂಬಿದಾಗಿನ ಮಟ್ಟಕ್ಕಿಂತ ಮೇಲೆ, ಪೈಪಿನ ಇಳಿಯುವ ಭಾಗದಲ್ಲಿ, 6 ಮಿ.ಮೀ.ನ ಒಂದು ತೂತು ಕೊರೆದರು. ಮೋಟರು ಓಡುವಾಗ ಅದರಿಂದ ಒಂದಿಷ್ಟು ನೀರು ಟ್ಯಾಂಕಿನೊಳಗೇ ಚಿಮ್ಮುತ್ತದೆ. ನಿಂತಾಗ ಅದೇ ತೂತಿನಿಂದ ಗಾಳಿ ನುಗ್ಗಿ ಹರಿವು ಕಡಿದುಹೋಗುತ್ತದೆ. ಎನ್‌ಆರ್‌ವಿ ಮುಂದೊಮ್ಮೆ ಮತ್ತೆ ಕೆಟ್ಟರೂ ಐದು ಲೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ಸದ್ದೂ ಇಲ್ಲ.

ರಿಪೇರಿಯ ನಂತರದ ರಾತ್ರಿ

ಇಲ್ಲಿ ನಿಲ್ಲಿಸಿದರೆ ಕೆಲಸ ಅರ್ಧವಾದಂತೆ. ಎಲ್ಲ ವಾಲ್ವ್‌ಗಳನ್ನು ತೆರೆದಿಟ್ಟು, ಬಕೆಟ್ಟುಗಳನ್ನು ಮತ್ತೆ ತುಂಬಿಸಿಟ್ಟು, ಇನ್ನೊಂದು ರಾತ್ರಿ ಅಳೆಯಬೇಕು. ಮೊದಲ ರಾತ್ರಿಗೂ ಎರಡನೆಯ ರಾತ್ರಿಗೂ ನಡುವೆ ನಮ್ಮಲ್ಲಿ ಎರಡು ಸೆಂ.ಮೀ. ವ್ಯತ್ಯಾಸವಿದ್ದುದನ್ನು ಗಮನಿಸಿದವರು ಇದನ್ನು ನಿರೀಕ್ಷಿಸಿರುತ್ತಾರೆ: ರಿಪೇರಿಯಾದ ಮೇಲೂ ಎರಡು ಸೆಂ.ಮೀ. ಇಳಿದಿತ್ತು, ಸುಮಾರು 19 ಲೀಟರು. ಮರುರಾತ್ರಿ ಬಚ್ಚಲುಗಳ ವಾಲ್ವನ್ನು ಮಾತ್ರ ಮುಚ್ಚಿದಾಗ ಮಟ್ಟ ಅಲುಗಲಿಲ್ಲ.

ತೊಟ್ಟಿಕ್ಕುವ ನಲ್ಲಿಯಾದರೆ ಅದರ ಕೆಳಗೆ ಒಂದು ಸ್ಟೀಲು ಲೋಟ ಇಟ್ಟು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಬೇಕು, 200 ಮಿ.ಲೀ. ಲೋಟ ಹತ್ತು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 28.8 ಲೀಟರು ಹೋಗುತ್ತದೆ. ನಮ್ಮ ನಲ್ಲಿಗಳು ಒಣಗಿದ್ದವು. ಉಳಿದದ್ದು ಫ್ಲಶ್ ಟ್ಯಾಂಕುಗಳು. ಅವುಗಳ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಬಿಳಿಯ ಪಿಂಗಾಣಿಯ ಮೇಲೆ ತೆಳ್ಳಗೆ ಹರಿಯುವ ನೀರು ತೇವದಂತೆಯೇ ಕಾಣುತ್ತದೆ. ಪಲ್ಯಕ್ಕೆ ಬೀಟ್‌ರೂಟ್ ಬೇಯಿಸಿದ ನೀರನ್ನು ಚೆಲ್ಲದೆ ಸೋಸಿಟ್ಟುಕೊಂಡು, ಪ್ರತಿ ಫ್ಲಶ್ ಟ್ಯಾಂಕಿಗೂ ಒಂದು ಲೋಟ ಸುರಿದು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಬೇಕು. ಕಮೋಡಿನೊಳಗೆ ಕೆಂಪು ಇಳಿದರೆ ಫ್ಲಶ್ ವಾಲ್ವಿನ ರಬ್ಬರು ವಾಷರು ಸವೆದಿದೆ ಎಂದರ್ಥ. ವಾಷರನ್ನಷ್ಟೇ ಬದಲಿಸಿದರೆ ಸಾಕು.

ಮಗಳು ಈ ಪರೀಕ್ಷೆಯನ್ನು ತಾನೇ ವಹಿಸಿಕೊಂಡಳು. ಅವಳ ಬಚ್ಚಲಿನ ಕಮೋಡು ಅರ್ಧ ಗಂಟೆಯ ನಂತರವೂ ಬೆಳ್ಳಗಿತ್ತು, ನಮ್ಮದೂ ಹಾಗೆಯೇ. ಅಜ್ಜಿಯ ಬಚ್ಚಲಿನಿಂದ ಅವಳು ಕೂಗಿ ಕರೆದಾಗ ಎಲ್ಲರೂ ಹೋಗಿ ಬಾಗಿಲಲ್ಲಿ ನಿಂತು ನೋಡಿದೆವು: ಪಿಂಗಾಣಿಯ ಹಿಂಬದಿಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಕೆಂಪು ಗೆರೆಯೊಂದು ನಿಧಾನವಾಗಿ ಇಳಿಯುತ್ತಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, ಸಂಜೆಯೊಳಗೆ ವಾಷರು ತಂದು ಹಾಕಿಸು ಎಂದು ನನಗೆ ಹೇಳಿ ಅಡುಗೆಮನೆಗೆ ಹೋದರು.